ಬೀಗರ ಮುಂದೆ ಒದರಿದ ನೀಲಗಿರಿ ರಿಸಲ್ಟು

ತೊಂಬತ್ತರ ದಶಕದಲ್ಲಿ ತಲಘಟ್ಟಪುರದ ಜಯಮ್ಮನವರ ನೀಲಗಿರಿ ತೋಪಿನಿಂದ ನಾನು ಆಗಾಗ ರೆಂಬೆ ಕತ್ತರಿಸಿಕೊಂಡು ಹೋಗುತ್ತಿದ್ದೆ. ಆರೋಗ್ಯವಾಗಿರುವ ಮರದೊಳಗೂ ರೋಗ ತರುವ ಶಿಲೀಂಧ್ರ ಅಡಗಿರುತ್ತದೆಯೇ ಎಂದು ನೋಡುವುದು ನನ್ನ ಕೆಲಸ. ಒಂದು ದಿನ ಗಾಜಿನ ತಟ್ಟೆಯಲ್ಲಿಟ್ಟಿದ್ದ ರೆಂಬೆ ಚೂರುಗಳಿಂದೆಲ್ಲ ಬೂಷ್ಟು ಎದ್ದಿತ್ತು. ಖುಷಿ ತಡೆಯಲಾರದೆ ಸ್ಕೂಟರ್ ಹತ್ತಿ ಹೇಳಲು ಹೋದೆ.

ಜಗಲಿಯಲ್ಲಿ ಜಯಮ್ಮನವರ ಜೊತೆ ಯಾರೋ ನೆಂಟರು ಕೂತಿದ್ದರು. ನಾನು ಹಿಂದೆಮುಂದೆ ನೋಡದೆ, "ಆಂಟಿ, ರಿಸಲ್ಟ್ ಬಂತು. ಹೊರಗಿಂದ ಏನೂ ಗೊತ್ತಾಗಲ್ಲ, ಒಳಗೆಲ್ಲಾ ರೋಗ ಇದೆ" ಎಂದೆ.

ಸರಿಯಾಗಿ ಆಗಲೇ ಅವರ ಮಗಳು ಶೋಭಾ ರೇಷ್ಮೆ ಸೀರೆಯುಟ್ಟು ಕಾಫಿ ತಂದಳು. ಬಂದಿದ್ದವರು ಹುಳಿಮಾವಿನಿಂದ ಹೆಣ್ಣು ನೋಡಲು ಬಂದ ಗಂಡಿನ ಕಡೆಯವರು. ಹುಡುಗನ ತಾಯಿ ಅವಳನ್ನೂ ನನ್ನನ್ನೂ ನೋಡಿ, ಲೋಟ ಮುಟ್ಟದೆ ಕೂತರು. ಜಯಮ್ಮನವರ ಮುಖ ಬಿಳಿಚಿಕೊಂಡಿತು.

"ಮರಕ್ಕಮ್ಮ, ನಾನು ಹೇಳಿದ್ದು ಮರಕ್ಕೆ" ಎಂದು ತೊದಲಿದೆ. "ಅದೂ ಈಗೇನೂ ಮಾಡಲ್ಲ. ಮರ ಗಟ್ಟಿಯಾಗಿರೋವರೆಗೂ ಸುಮ್ನಿರತ್ತೆ. ನೀರಿಲ್ದೆ ಸೊರಗಿದ್ರೆ ಮಾತ್ರ ಏಳತ್ತೆ."

ಹುಡುಗನ ತಾಯಿ ನನ್ನ ಕಡೆ ತಿರುಗಿದರು. "ಹಂಗಾದ್ರೆ ಚೆನ್ನಾಗಿ ನೋಡ್ಕೊಂಡ್ರೆ ಆಯ್ತಲ್ಲ."

"ಅಷ್ಟೇ ಅಮ್ಮ."

ಶೋಭಾಳಿಗೆ ನಗು ತಡೆಯಲಾಗಲಿಲ್ಲ. "ಕೇಳಿಸ್ಕೊಂಡ್ರಾ?" ಎಂದು ನೇರವಾಗಿ ಹುಡುಗನನ್ನೇ ಕೇಳಿದಳು. ಅವನು ನಾಚಿಕೊಂಡು ತಲೆಯಾಡಿಸಿ ಕಾಫಿ ಎತ್ತಿಕೊಂಡ. ಅವನ ಹಿಂದೆಯೇ ತಾಯಿಯೂ ಎತ್ತಿಕೊಂಡರು.

ಮದುವೆ ಬನಶಂಕರಿಯ ಛತ್ರದಲ್ಲಿ ನಡೆಯಿತು. ಜಯಮ್ಮ ನನ್ನನ್ನು ಮೊದಲ ಪಂಕ್ತಿಯಲ್ಲೇ ಕೂರಿಸಿ, ನನ್ನ ಬಾಯಿಗೆ ಹೋಳಿಗೆ ತಿನ್ನುವುದು ಬಿಟ್ಟು ಬೇರೆ ಕೆಲಸವಿರದಂತೆ ಕೊನೆಯವರೆಗೂ ನೋಡಿಕೊಂಡರು.