ಮದ್ದೂರಿನಲ್ಲಿ ಇಳಿದವರಿಗೆ ಆರಾಣೆ

ದೆವ್ವ, ಪೀಡೆ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಧೈರ್ಯದಿಂದಲ್ಲ. ಸತ್ತವರಿಗೆ ನಮ್ಮ ಗೊಡವೆ ಇರುವುದಿಲ್ಲ ಎಂದು ನಂಬಿಕೊಂಡಿದ್ದರೆ ನನಗೆ ಅನುಕೂಲವಿತ್ತು. ಈಗ ನಂಬಿಕೆ ಬಂದಿದೆಯೆ ಎಂದು ಕೇಳಿದರೆ ಹೌದೆನ್ನಲಾರೆ, ಇಲ್ಲವೆನ್ನಲೂ ಆಗುತ್ತಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಯುದ್ಧದ ವರ್ಷಗಳಲ್ಲಿ ನಾನು ಮಳವಳ್ಳಿಯಲ್ಲಿ ಒಂದು ಖಾಸಗಿ ಬಸ್ಸಿಗೆ ಕಿಂಡಿಯಲ್ಲಿ ಕೂತು ಟಿಕೆಟ್ ಬರೆಯುವ ಕೆಲಸದಲ್ಲಿದ್ದೆ. ಪೆಟ್ರೋಲು ಸಿಗದೆ ಬಸ್ಸುಗಳು ಹಿಂದುಗಡೆ ಕಟ್ಟಿದ ಒಲೆಯ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಮದ್ದೂರಿಗೆ ಆರಾಣೆ ಚಾರ್ಜು. ಮಕ್ಕಳಿಗೆ ಅರ್ಧ, ಮಡಿಲ ಕೂಸಿಗೆ ಇಲ್ಲ. ಇಪ್ಪತ್ತು ಜನ ಕೂರಬೇಕಾದ ಬಸ್ಸಿಗೆ ಮೂವತ್ತು ಜನರನ್ನು ಹತ್ತಿಸುತ್ತಿದ್ದೆ. ಹೆಚ್ಚಿನವರಿಗೆ ಟಿಕೆಟ್ ಹರಿಯುತ್ತಿರಲಿಲ್ಲ. ಆ ದುಡ್ಡು ಮಾಲೀಕರಿಗೆ ಬೇರೆಯಾಗಿ ಸೇರುತ್ತಿತ್ತು, ಸ್ವಲ್ಪ ನನಗೂ ಉಳಿಯುತ್ತಿತ್ತು.

ಒಂದು ವರ್ಷ ಸಂಕ್ರಾಂತಿ ಕಳೆದ ನಾಲ್ಕನೆಯ ದಿನ ಆ ಬಸ್ಸು ಒಂದು ಕೆರೆಯ ಏರಿಯ ಮೇಲೆ ವಾಲಿ ನೀರಿಗೆ ಬಿತ್ತು. ಒಂಬತ್ತು ಜನ ದೊಡ್ಡವರು, ಒಂದು ಹೆಣ್ಣು ಮಗು ಹೋದರು. ವಿಚಾರಣೆಯಲ್ಲಿ ಬಸ್ಸಿನಲ್ಲಿ ಎಷ್ಟು ಜನರಿದ್ದರು ಎಂದು ಕೇಳಿದರು. ಇಪ್ಪತ್ತು ಎಂದೆ. ತಪ್ಪೆಲ್ಲ ಡ್ರೈವರ್ ಖಾದರನ ತಲೆಗೆ ಬಂತು. ಅವನೂ ಎದುರು ನಿಂತವನಲ್ಲ. 'ಓಡುಸ್ದೋನು ನಾನೇ ತಾನೆ' ಎಂದಷ್ಟೇ ಹೇಳಿದ.

ಅವನ ಲೈಸೆನ್ಸು ಹೋಯಿತು, ಒಂದು ಕಾಲು ಕುಂಟಾಯಿತು. ಮದ್ದೂರಿನ ಬಸ್ ನಿಲ್ಲುವ ಕಡೆ ಒಂದು ಹೊಂಗೆಮರದ ಕೆಳಗೆ ಕೂತು ಲಾಟೀನು, ಬಿಂದಿಗೆಗಳಿಗೆ ಬೆಸುಗೆ ಹಾಕತೊಡಗಿದ. ನಾನು ಬಸ್ಸಿನ ಸಹವಾಸ ಬಿಟ್ಟು ಅದೇ ಊರಿನ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾದೆ. ಪ್ರತಿದಿನ ಅವನ ಮುಂದೆಯೇ ಹಾದುಹೋಗಬೇಕಿತ್ತು.

ವರ್ಷವರ್ಷವೂ ಬಸ್ಸು ಬಿದ್ದ ಆ ದಿನ ಬಂದಾಗಲೆಲ್ಲ ಅವನು ಮಳವಳ್ಳಿ ಬಸ್ಸಿನಿಂದ ಇಳಿದ ಒಂಬತ್ತು ಜನ ಅಪರಿಚಿತರ ಹತ್ತಿರ ಹೋಗಿ ತಲಾ ಆರಾಣೆ ಕೊಡುತ್ತಿದ್ದ. ಎರಡು ವರ್ಷ ನೋಡಿದೆ. ಎರಡನೆಯ ವರ್ಷ ತಡೆಯಲಾರದೆ, ಇದೇನು ಖಾದರ್ ಎಂದು ಕೇಳಿದೆ.

"ಮದ್ದೂರ್ಗೆ ಅಂತ ಕಾಸು ಇಸ್ಕೊಂಡು ಮದ್ದೂರ್ಗೆ ತಂದು ಬುಡ್ನಿಲ್ಲ ನಾನು. ಅವ್ರ ಮನೆತಾವ ಓದ್ರೆ ಬಾಗ್ಲಲ್ಲಿ ನಿಂತ್ಕೊಳಾಕೂ ಬುಡಾಕಿಲ್ಲ. ಇಲ್ಲಿ ಇಳ್ದೋರ್ಗಾದ್ರೂ ಸೇರ್ಲಿ ಬುಡಿ."

"ಮಗುವಿಗೆ?"

"ಮಗೀಗೆ ಚಾರ್ಜಿರ್ನಿಲ್ವಲ್ಲ ಸಾಮಿ. ಮಡ್ಲ ಕೂಸು ಅಂತ ಇಚಾರ್ಣೇಲಿ ಬರ್ದವ್ರೆ."

ನಾನು ಹೌದೆಂದು ತಲೆಯಾಡಿಸಿ ಬಂದೆ.

ಮೂರನೆಯ ವರ್ಷ ಅವನಿಗೆ ಚಳಿಜ್ವರ. ಮಧ್ಯಾಹ್ನ ಅವನ ಹೆಂಡತಿ ಗಿರಣಿಗೇ ಬಂದು ನನ್ನನ್ನು ಕರೆದುಕೊಂಡು ಹೋದಳು. ಚಾಪೆಯ ಮೇಲೆ ಮುದುಡಿ ಮಲಗಿದ್ದವನು ಒಂದು ಬಟ್ಟೆಗಂಟನ್ನು ನನ್ನ ಕಡೆ ನೂಕಿದ.

"ಇವತ್ತು ನೀವೋಗಿ ಕೊಟ್ಬುಟ್ಟು ಬನ್ನಿ. ತಿರುಕರ್ಗೆ ಕೊಡ್ಬ್ಯಾಡಿ, ಇದು ದಾನ ಅಲ್ಲ. ಯಾಕೆ ಅಂತಾನೂ ಯೋಳ್ಬ್ಯಾಡಿ."

ಬೇರೆ ಯಾರಾಗಿದ್ದರೂ ಹುಚ್ಚು ಬಿಡು ಎನ್ನುತ್ತಿದ್ದೆ. ಅವನಿಗೆ ಇಲ್ಲವೆನ್ನಲು ನಾಲಿಗೆ ಬರಲಿಲ್ಲ.

ಗುರುತಿಲ್ಲದವರ ಹತ್ತಿರ ಹೋಗಿ ದುಡ್ಡು ಕೊಡುವುದಕ್ಕಿಂತ ಕೈಚಾಚಿ ಬೇಡುವುದು ಸುಲಭ ಎಂದು ಆವತ್ತು ಗೊತ್ತಾಯಿತು. ನಾಲ್ಕು ಗಂಟೆಯ ಬಸ್ಸು ಬಂತು. ಮೊದಲು ಇಳಿದ ಮುದುಕ ನನ್ನ ಅಂಗೈಯಲ್ಲಿದ್ದ ನಾಣ್ಯಗಳನ್ನು ಬಗ್ಗಿ ನೋಡಿ, "ನಿಮ್ಮನೇಲಿ ಯಾರ್ಗಾದ್ರೂ ಉಸಾರಿಲ್ವಾ? ನಿವಾಳ್ಸಿದ್ ಕಾಸಾ ಇದು?" ಎಂದ. ಅಲ್ಲ ಎಂದು ಆಣೆ ಮಾಡಿದ ಮೇಲೂ ಎಲೆಯಲ್ಲಿ ಸುತ್ತಿಕೊಂಡನೇ ಹೊರತು ಬರಿಗೈಯಲ್ಲಿ ಮುಟ್ಟಲಿಲ್ಲ. ಬಂಡೂರು ಟಗರು ಹಿಡಿದುಕೊಂಡಿದ್ದವನೊಬ್ಬ, "ನನ್ ಟಗರ್ಗೆ ಮುಂಗಡ ಕೊಟ್ಟು ಆಮೇಲೆ ತಕರಾರು ತೆಗೀತೀಯಾ? ಓಗಲಾ" ಎಂದು ದುಡ್ಡನ್ನು ನೆಲಕ್ಕೆ ಹಾಕಿದ. ಆಯ್ದುಕೊಂಡು ಇನ್ನೊಬ್ಬನಿಗೆ ಕೊಟ್ಟೆ. ತೆಗೆದುಕೊಂಡವರೂ ಹಿಂತಿರುಗಿ ಹಿಂತಿರುಗಿ ನೋಡುತ್ತ ಹೋದರು. ಯಾಕೆ ಎಂದು ಕೇಳದವರಿಲ್ಲ.

ಎಂಟು ಜನ ಆದರು. ಬಸ್ಸು ಖಾಲಿಯಾಗಿತ್ತು. ಅದರ ಹಿಂದುಗಡೆ, ಇದ್ದಿಲಿನ ಒಲೆಯ ಪಕ್ಕದಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಇಳಿದದ್ದನ್ನು ನಾನು ನೋಡಿರಲಿಲ್ಲ. ಮೂವತ್ತರ ಒಳಗಿನ ಪ್ರಾಯ, ಒಕ್ಕಲಿನ ಮನೆಯವಳ ಹಾಗೆ ಉಡಿಗೆ. ಹೋಗಿ ಒಂದು ನಾಲ್ಕಾಣೆಯ ಪಾವಲಿ, ಒಂದು ಎರಡಾಣೆ ಬಿಲ್ಲೆ ಕೊಟ್ಟೆ. ಅವಳು ಯಾಕೆ ಎಂದು ಕೇಳಲಿಲ್ಲ. ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮತ್ತೆ ಕೈ ಮುಂದೆ ಹಿಡಿದಳು.

"ಮಗೀದು ಬುಟ್ಟೋಯ್ತಲ್ಲ" ಎಂದಳು.

ಅವಳ ಜೊತೆ ಮಗು ಇರಲಿಲ್ಲ.

ನನ್ನ ಸ್ವಂತ ಜೇಬಿನಿಂದ ಮೂರಾಣೆ ತೆಗೆದು ಕೊಟ್ಟೆ. ಅದನ್ನು ಬೇರೆ ಗಂಟು ಹಾಕಿಕೊಂಡು, "ಸರಿಯಾಯ್ತು" ಎಂದು ಹೇಳಿ ಎಲೆ ಮಾರುವವರ ಸಾಲಿನ ಕಡೆ ನಡೆದುಹೋದಳು.

ನಿಮಗೆ ನಿಜ ಹೇಳಬೇಕು. ಆ ಮಗುವಿಗೆ ನಾಲ್ಕೋ ಐದೋ ವರ್ಷ. ಅದರ ತಾಯಿ ಟಿಕೆಟ್ ಕಿಂಡಿಯಲ್ಲಿ ಅರ್ಧ ಚಾರ್ಜು ಕೊಟ್ಟಿದ್ದಳು. ಮೂರಾಣೆಯನ್ನು ನಾನು ಜೇಬಿಗೆ ಹಾಕಿಕೊಂಡು ಅವಳೊಬ್ಬಳಿಗೇ ಟಿಕೆಟ್ ಬರೆದಿದ್ದೆ. ವಿಚಾರಣೆಯಲ್ಲಿ ಮಡಿಲ ಕೂಸು ಎಂದು ಹೇಳಿದವನೂ ನಾನೇ. ಗೊತ್ತಿದ್ದವಳು ತಾಯಿ ಒಬ್ಬಳು. ಅವಳೂ ಆ ಒಂಬತ್ತು ಜನರಲ್ಲಿ ಸೇರಿದ್ದಳು. ಅವಳ ಮುಖ ನನಗೆ ನೆನಪಿಲ್ಲ. ಕಿಂಡಿಯಲ್ಲಿ ಕಾಣುತ್ತಿದ್ದದ್ದು ಕೈ ಮಾತ್ರ, ಅಂಥ ಕೈಗಳನ್ನು ದಿನಕ್ಕೆ ನೂರು ನೋಡುತ್ತಿದ್ದೆ.

ಖಾದರನ ಮನೆಗೆ ಹೋದೆ. ಹೇಳಬಾರದೆಂದೇ ಹೋಗಿದ್ದೆ.

"ಎಲ್ರಿಗೂ ಆಯ್ತಾ?"

"ಆಯಿತು. ಒಬ್ಬಳು ಮಗುವಿನದು ಅಂತ ಕೇಳಿದಳು. ಕೊಟ್ಟೆ."

"ಎಷ್ಟು ಕ್ವಟ್ರಿ?"

"ಮೂರಾಣೆ."

ಅವನು ಮೊಣಕೈ ಊರಿ ಅರ್ಧ ಎದ್ದ.

"ಇಸ್ಕೊಂಡಿದ್ರಾ?" ಎಂದ.

ನಾನು ತಲೆ ತಗ್ಗಿಸಿದೆ.

"ಆ ಮಗು ಮಡ್ಲಲ್ಲಿ ಇರ್ನಿಲ್ಲ ಸಾಮಿ. ಕೂರಾಕೆ ಜಾಗ ಎಲ್ಲಿತ್ತು? ನನ್ ಪಕ್ಕದಲ್ಲೇ ನಿಂತ್ಕೊಂಡು ಪೋಂ ಪೋಂ ಅಂತ ಆರನ್ ಒತ್ತೋದು, ನಗೋದು. ದಾರೀಲೆಲ್ಲ ಅದೇ ಆಟ. ದೊಡ್ಡ ಮಗು, ಆದ್ರೂ ಟಿಕೀಟು ಬರ್ದಿಲ್ಲ ಅಂದ್ರೆ ನೀವು ಪಾಪ ಅಂತ ಬುಟ್ಟಿದ್ರಿ ಅಂದ್ಕೊಂಡಿದ್ದೆ." ಅಷ್ಟು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದ.

ಮರುದಿನ ಎಲೆ ಮಾರುವವನನ್ನು ವಿಚಾರಿಸಿದೆ. "ನೋಡ್ದೆ ಕಣಪ್ಪ, ಒಬ್ಳೇ ಓದ್ಲು. ಯಾವೂರೋಳೋ ಕಾಣೆ" ಎಂದ. ಅಂದಮೇಲೆ ಅವಳು ನನ್ನ ಕಣ್ಣಿಗೆ ಮಾತ್ರ ಕಂಡವಳಲ್ಲ. ಮನೆಯಲ್ಲಿ ಬಿಟ್ಟು ಬಂದ ಮಗುವಿಗಾಗಿ ಇನ್ನೆರಡು ಕಾಸು ಕೇಳಿರಬಹುದು, ಯಾವ ತಾಯಿಯೂ ಕೇಳುತ್ತಾಳೆ. ನನಗೆ ನಾನೇ ಇದನ್ನು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಪುಕ್ಕಟೆ ಸಿಕ್ಕಿದ ದುಡ್ಡಿನಲ್ಲಿ 'ಬಿಟ್ಟುಹೋಯಿತು' ಎನ್ನುವುದು ಹೇಗೆ? ಮೂರಾಣೆಗೆ 'ಸರಿಯಾಯಿತು' ಎಂದದ್ದು ಯಾಕೆ? ಯಾವ ಮಗು ಎಂದು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಏನು ಹೇಳಿಬಿಡುತ್ತಾಳೋ ಎಂದು ಕೇಳಲಿಲ್ಲ.

ಖಾದರ್ ಚೇತರಿಸಿಕೊಂಡ. ಆ ವಿಷಯ ಯಾರಿಗೂ ಹೇಳಲಿಲ್ಲ, ನನ್ನೊಡನೆ ಮಾತನ್ನೂ ಆಡಲಿಲ್ಲ. ಮುಂದಿನ ವರ್ಷ ಅದೇ ದಿನ ಮರದ ಕೆಳಗಿನಿಂದ ಕೂಗಿ, "ಸಾಮಿ, ಮೂರಾಣೆ ಕ್ವಡಿ" ಎಂದ. ಕೊಟ್ಟೆ. ಬಸ್ಸು ಬಂತು. ಒಂಬತ್ತು ಜನರಿಗೆ ತನ್ನ ದುಡ್ಡು ಕೊಟ್ಟು ಮುಗಿಸಿ, ನನ್ನ ಮೂರಾಣೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ನಿಂತ. ಮಕ್ಕಳಿದ್ದ ಹೆಂಗಸರು ಎಷ್ಟೋ ಜನ ಇಳಿದು ಪಕ್ಕದಲ್ಲೇ ಹೋದರು. ಯಾರಿಗೂ ಕೊಡಲಿಲ್ಲ. ಬಸ್ಸು ತಿರುಗಿ ಹೊರಟು ಧೂಳು ಅಡಗಿದ ಮೇಲೆ ಕುಂಟುತ್ತ ಬಂದು ನನ್ನ ಕೈಗೆ ವಾಪಸು ಹಾಕಿದ.

"ಯಾರೂ ಕೇಳ್ನಿಲ್ಲ" ಎಂದ.