ಗೋಡೆಯಾಚೆಯ ಬಡಿತ

ಅಥವಾ ಆ ಬಡಿತ ಗೋಡೆಯ ಆಚೆಯಿಂದ ಬರಲೇ ಇಲ್ಲವೇನೋ. ಹೊಗೆ ತಡೆಯುವ ಮುಖವಾಡದೊಳಗೆ ನನ್ನದೇ ರಕ್ತ ಕಿವಿಗೆ ಬಡಿಯುತ್ತಿತ್ತೇನೋ. ಇದನ್ನು ಹಲವರಿಗೆ ಹೇಳಿದ್ದೇನೆ. ಹೇಳಿದಷ್ಟೂ ಸದ್ದು ಸ್ಪಷ್ಟವಾಗುತ್ತ ಹೋಗಿದೆ. ನನಗೆ ಅನುಮಾನ ಬರುವುದೇ ಅದಕ್ಕೆ.

ಗೊತ್ತಿರುವುದನ್ನು ಮೊದಲು ಬರೆಯುತ್ತೇನೆ. ಏಡನ್ ಕೊಲ್ಲಿಯಲ್ಲಿ ಸರಕು ಹಡಗುಗಳ ಕಾವಲಿಗೆ ಹೋದ ಯುದ್ಧನೌಕೆಯಲ್ಲಿ ನಾನು ನಾವಿಕ. ಕಾವಲು ಎಂದರೆ ಬಹುಪಾಲು ತುಕ್ಕು ಕೆರೆಯುವುದು, ಬಣ್ಣ ಬಳಿಯುವುದು, ಬೆಂಕಿ ಆರಿಸುವ ಅಭ್ಯಾಸ. ಒಂದು ಮಧ್ಯಾಹ್ನ ಡ್ರೋನ್ ಬಡಿದು ಒಂದು ಸರಕು ಹಡಗಿನ ಹಿಂಭಾಗ ಹೊತ್ತಿಕೊಂಡಿತು. ನಾವು ಕೆಲವರು ದೋಣಿಯಲ್ಲಿ ಹೋಗಿ ಅದನ್ನು ಹತ್ತಿದೆವು. ಎಂಜಿನ್ ಕೋಣೆಯ ಉಕ್ಕಿನ ಗೋಡೆಗೆ ಈಚೆಯಿಂದ ನೀರು ಹೊಡೆದು ತಣಿಸುವುದು ನನ್ನ ಕೆಲಸ. ಬೆಂಕಿ ಗೋಡೆ ದಾಟಿದರೆ ಈಚೆ ಇಂಧನದ ಟ್ಯಾಂಕು. ಆ ಹಡಗಿನ ಸಿಬ್ಬಂದಿಯಲ್ಲಿ ಒಬ್ಬ ಸಿಕ್ಕಿರಲಿಲ್ಲ. ಸಮುದ್ರಕ್ಕೆ ಎಸೆಯಲ್ಪಟ್ಟನೋ, ಎಂಜಿನ್ ಕೋಣೆಯಲ್ಲೇ ಉಳಿದನೋ, ಯಾರೂ ನೋಡಿರಲಿಲ್ಲ.

ಆಗ ಕೇಳಿಸಿತು. ಟಕ್, ಟಕ್. ಸ್ವಲ್ಪ ತಡೆದು, ಮತ್ತೆ ಟಕ್.

ಆ ಹಡಗಿನ ಕ್ಯಾಪ್ಟನ್ ಎಂಜಿನ್ ಕೋಣೆಗೆ ಅನಿಲ ಬಿಡಲು ಸಿದ್ಧರಾಗಿದ್ದರು. ಅದು ಬೆಂಕಿಯ ಉಸಿರು ಕಟ್ಟಿಸುತ್ತದೆ. ಮನುಷ್ಯನಿದ್ದರೆ ಅವನದನ್ನೂ. ನಾನು ನಮ್ಮ ತಂಡದ ಮುಖ್ಯಸ್ಥರ ತೋಳು ಎಳೆದೆ.

"ಸರ್, ಒಳಗೆ ಯಾರೋ ಇದ್ದಾರೆ."

ಅವರು ನೀರು ನಿಲ್ಲಿಸಿ ಆಲಿಸಿದರು. "ಕಾದ ಉಕ್ಕು ಹೀಗೇ ಸದ್ದು ಮಾಡುತ್ತೆ."

"ಇದು ಬೇರೆ, ಸರ್."

"ಹೇಗೆ ಬೇರೆ?"

ಅಷ್ಟರಲ್ಲಿ ಗೋಡೆಯ ಬಣ್ಣ ಗುಳ್ಳೆಯೇಳತೊಡಗಿತು. "ನೀರು ಬಿಡು," ಎಂದರು. ಆದರೂ ನನ್ನ ಮಾತಿಗೆ ಬೆಲೆ ಕೊಟ್ಟು, ಅನಿಲ ತಡೆಯಿರಿ ಎಂದು ಮೇಲಕ್ಕೆ ಹೇಳಿಕಳಿಸಿದರು. ತಡೆದರು. ಬಾಗಿಲು ತೆರೆಯುವಂತಿರಲಿಲ್ಲ, ತೆರೆದರೆ ಉರಿ ನಮ್ಮ ಮೇಲೇ ಬರುತ್ತಿತ್ತು. ನಾನು ನೀರು ಹೊಡೆಯುತ್ತ ನಿಂತೆ. ಬಡಿತ ವಿರಳವಾಯಿತು. ನಿಂತಿತು. ಆಮೇಲೆ ಅನಿಲ ಬಿಟ್ಟರು.

ರಜೆಗೆ ಬಂದಾಗ ಕೃಷ್ಣಾ ಸ್ಟೇಷನ್ನಿನಲ್ಲಿ ಇಳಿದು, ಮಕ್ತಲ್ ಮೇಲೆ ಹೋಗುವ ಬಸ್ಸು ಹಿಡಿದು ನಾರಾಯಣಪೇಟೆಯ ಮನೆ ಸೇರುವವರೆಗೂ ಕಿವಿಯಲ್ಲಿ ಅದೇ. ನಮ್ಮ ಓಣಿಯಲ್ಲಿ ಮಗ್ಗದ ಸಪ್ಪಳ ಕೇಳಿಯೇ ನೇಯುವವರು ಯಾರೆಂದು ಹೇಳುತ್ತಾರೆ. ಗದ್ವಾಲದಿಂದ ಮದುವೆಯಾಗಿ ಬಂದ ಅವ್ವನ ಕೈ ಇಂದಿಗೂ ಬೇರೆಯಾಗಿಯೇ ಕೇಳುತ್ತದೆ. ನಾನು ಕೂತ ಸ್ವಲ್ಪ ಹೊತ್ತಿಗೆ ಅವ್ವ ಪಕ್ಕದ ಮನೆಯ ಕಡೆ ಕಿವಿಯಿಟ್ಟು, "ಆಕೀಗೆ ಮತ್ತ ಜ್ವರ ಬಂದಾವ. ಮಗ್ಗದ ಹಣಿಗೆ ಬಿಟ್ಟು ಬಿಟ್ಟು ಬೀಳಾಕ ಹತ್ತೈತಿ," ಎಂದಳು.

ನಾನು ಎಲ್ಲವನ್ನೂ ಹೇಳಿದೆ. ಜೋಳದ ಪೀಪಾಯಿ ತೋರಿಸಿ, ನಾನು ಹೇಳಿದಂತೆ ಬಡಿ ಎಂದೆ.

"ಮಗ್ಗದ ಮುಂದ ಕೂಡು ಅಂದ್ರ ಓಡ್ತಿದ್ದಿ. ಈಗ ನನ್ನ ಕೈಲೆ ಪೀಪಾಯಿ ಬಡಿಸ್ತಿ," ಎಂದಳು. ಆದರೂ ಬಡಿದಳು.

"ಇನ್ನಾ ನಿಧಾನ, ಅವ್ವ."

"ಹಿಂಗ?"

"ಹೌದು. ಅಲ್ಲ. ಗೊತ್ತಿಲ್ಲ."

ಅವಳು ಕೈ ನಿಲ್ಲಿಸಿದಳು. "ಮನುಷ್ಯಾ ಬಡಿದ್ರ ಕೈ ಸೋಲತೈತಿ. ಕಬ್ಬಿಣಕ್ಕೆಲ್ಲಿ ಸೋಲು? ನೀ ಕೇಳಿದ್ದು ಬರಬರತ ಸೋತಿತ್ತೇನು?"

"ಸೋತಿತ್ತು."

ಅವ್ವ ಸೆರಗಿನಿಂದ ಪೀಪಾಯಿಯ ಮುಚ್ಚಳ ಒರೆಸತೊಡಗಿದಳು. ಒರೆಸುವಂಥದ್ದು ಅಲ್ಲೇನೂ ಇರಲಿಲ್ಲ. ನಾನು ಉಳಿದದ್ದನ್ನು ಹೇಳಿದೆ: ಗೋಡೆ ತಣಿದರೂ ಸದ್ದು ಹಾಗೇ ಸೋಲುತ್ತದೆ, ತಣಿಸುತ್ತಿದ್ದವನು ನಾನೇ. ಅವನು ಸಾಯುತ್ತಿದ್ದರೂ, ನನ್ನ ನೀರು ಕೆಲಸ ಮಾಡುತ್ತಿದ್ದರೂ, ಈಚೆ ನಿಂತವನಿಗೆ ಕೇಳುವುದು ಒಂದೇ.

"ಹಂಗಾರ ನನಗೂ ತಿಳಿಯಂಗಿಲ್ಲಪ್ಪ," ಎಂದು ಅವ್ವ ಮಗ್ಗದ ಗುಂಡಿಗೆ ಇಳಿದಳು.

ಆ ಪರೀಕ್ಷೆ ಮಾಡಬಾರದಿತ್ತು. ಈಗ ನೆನೆದರೆ ಉಕ್ಕಿನ ಗೋಡೆಯ ಹಿಂದಿನಿಂದ ಬರುವುದು ಅವ್ವನ ಕೈ, ನಮ್ಮ ಪೀಪಾಯಿ. ಮೊದಲಿನ ಸದ್ದು ಹೋಯಿತು. ಟಕ್ ಎಂದು ಮೇಲೆ ಬರೆದದ್ದೂ ಪೀಪಾಯಿಯದೇ ಇರಬಹುದು.

ಆ ಹಡಗನ್ನು ಬೇರೆಯವರು ಎಳೆದುಕೊಂಡು ಹೋದರು. ನಾವಿರುವವರೆಗೂ ಕೋಣೆ ತೆರೆಯಲಿಲ್ಲ. ಆಮೇಲೆ ವಿಚಾರಿಸಿದೆ, ನಮ್ಮವರಿಗೂ ಸುದ್ದಿ ಬಂದಿರಲಿಲ್ಲ. ಸಿಗದೆ ಹೋದವನ ಹೆಸರು ನನಗೆ ತಿಳಿಯದು. ಅವನು ಒಳಗಿದ್ದನೋ ಇಲ್ಲವೋ, ಅದೂ ತಿಳಿಯದು.