ಹೆಸರು ಬದಲಿಸಿದರೆ ಸಾಕು

ನಮ್ಮ ಕಾಲೇಜುಗಳಲ್ಲಿ ಶಿಫಾರಸು ಪತ್ರವನ್ನು ಅಧ್ಯಾಪಕರು ಬರೆಯುವುದಿಲ್ಲ. ಬೇಕೆಂದು ಬಂದ ವಿದ್ಯಾರ್ಥಿಯೇ ತನ್ನನ್ನು ತಾನು ಹೊಗಳಿ ಬರೆದುಕೊಂಡು ಬರಬೇಕು, ನಾವು ಸಹಿ ಹಾಕಬೇಕು. ನನ್ನ ಮೇಷ್ಟ್ರು ನನಗೂ ಹೀಗೇ ಮಾಡಿದ್ದರು. ಮೈಸೂರಿನಿಂದ ಚೆನ್ನೈಗೆ ಬಂದು ಇಪ್ಪತ್ತೆರಡು ವರ್ಷ ರಸಾಯನಶಾಸ್ತ್ರ ಪಾಠ ಹೇಳಿದ ನಾನೂ ಅದನ್ನೇ ಮಾಡಿದೆ. ಇದು ತಪ್ಪಲ್ಲವೇ ಎಂದು ಯಾರಾದರೂ ಕೇಳಿದ್ದರೆ, ನನ್ನಷ್ಟು ಪೇಪರು ತಿದ್ದಿ ನೋಡಿ, ಆಮೇಲೆ ಮಾತಾಡಿ ಎಂದು ರೇಗುತ್ತಿದ್ದೆ.

ಬಿ.ಎಸ್ಸಿ. ಕೊನೆಯ ವರ್ಷದ ಹುಡುಗಿಯೊಬ್ಬಳು ಪತ್ರ ಕೇಳಿಕೊಂಡು ಬಂದಾಗಲೂ ಮೇಜಿನ ಮೇಲೆ ಪೇಪರಿನ ಕಟ್ಟಿತ್ತು. ಎಂ.ಎಸ್ಸಿ. ಓದಲು ಹೊರದೇಶದ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುತ್ತಿದ್ದಳು. ಬೇರೆ ದೇಶಗಳಿಂದ ಬರುವವರಿಗೆಂದೇ ಅಲ್ಲೊಂದು ಸ್ಕಾಲರ್‌ಶಿಪ್ ಇತ್ತು. ಫೀಸು, ಊಟ, ವಸತಿ ಎಲ್ಲ ಅದರಲ್ಲೇ. ಸಿಕ್ಕರೆ ಹೋಗುತ್ತಾಳೆ, ಇಲ್ಲದಿದ್ದರೆ ಇಲ್ಲ. ತಂದೆ ವಿಮಾ ಕಚೇರಿಯಲ್ಲಿ ಗುಮಾಸ್ತರು, ಕೋಲಾರದ ಕಡೆಯವರು. ಮನೆಯಲ್ಲಿ ಕನ್ನಡವಿದ್ದರೂ, ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹುಡುಗಿ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದಳು.

ಬರೆದುಕೊಂಡು ಬಾ ಎಂದೆ. "ಎನ್ನ ಎಳುದಣುಂ, ತೆರಿಯಲೆ ಮ್ಯಾಮ್," ಎಂದಳು. ಏನು ಬರೆಯಬೇಕೋ ತಿಳಿಯದಂತೆ. ತನ್ನನ್ನು ತಾನೇ ಹೊಗಳಿಕೊಳ್ಳಲು ಅವಳಿಗೆ ನಾಚಿಕೆ. ನನಗೆ ಸಿಡುಕು ಬಂತು. ಎರಡು ವರ್ಷದ ಹಿಂದೆ ಒಬ್ಬ ಹುಡುಗ ಬರೆದು ತಂದಿದ್ದ ಪತ್ರ ನನ್ನ ಕಂಪ್ಯೂಟರಿನಲ್ಲಿತ್ತು. ಅದನ್ನು ತೆರೆದುಕೊಟ್ಟು, "ತಗೋ, ಇದರಲ್ಲಿ ಹೆಸರು ಬದಲಿಸಿದ್ರೆ ಸಾಕು. ತಲೆ ಕೆಡಿಸ್ಕೋಬೇಡ," ಎಂದೆ.

ಹೇಳಿದಷ್ಟನ್ನೇ ಮಾಡಿದಳು. ನನ್ನ ಪಕ್ಕದಲ್ಲೇ ಕೂತು ಹುಡುಗನ ಹೆಸರು ಅಳಿಸಿ ತನ್ನದು ಹಾಕಿದಳು, ಪ್ರಿಂಟು ತೆಗೆದಳು. ನಾನು ಸಹಿ ಗೀಚಿದೆ. ಪತ್ರವನ್ನು ಅಧ್ಯಾಪಕರೇ ಕಳಿಸಬೇಕೆಂದು ನನ್ನ ಇಮೇಲಿಗೆ ಒಂದು ಲಿಂಕ್ ಬಂದಿತ್ತು. ಅದನ್ನೂ ನೀನೇ ಮಾಡಿಬಿಡು ಎಂದು ಪಾಸ್‌ವರ್ಡ್ ಹೇಳಿ ಪೇಪರು ತಿದ್ದುತ್ತಾ ಕೂತೆ.

ಬರೆಯುವುದಕ್ಕೆ ಏನು ಕಡಿಮೆಯಿತ್ತು? ಸಮುದ್ರದ ಉಪ್ಪು ಬಾವಿಗಳಿಗೆ ಎಲ್ಲಿಯವರೆಗೆ ಬಂದಿದೆ ಎಂದು ನೋಡಲು ಆ ಹುಡುಗಿ ಒಂದು ವರ್ಷ ಪ್ರತಿ ಶನಿವಾರ ಬಸ್ಸು ಹತ್ತಿ ಚೆನ್ನೈ ಅಂಚಿನ ಶೋಳಿಂಗನಲ್ಲೂರಿಗೆ ಹೋಗಿದ್ದಳು. ದೊಡ್ಡ ದೊಡ್ಡ ಆಫೀಸುಗಳ ಹಿಂದಿನ ಬೀದಿಗಳಲ್ಲಿ ಮನೆ ಮನೆ ತಿರುಗಿ, ಹಳೆಯ ಸೋಡಾ ಬಾಟಲಿಗಳಲ್ಲಿ ನೀರು ತುಂಬಿಕೊಂಡು ಬರುತ್ತಿದ್ದಳು. ಒಂದು ಮನೆಯ ಅಜ್ಜಿ, ನಾವು ದಿನಾ ಕುಡಿಯೋದನ್ನ ನೀನೂ ಕುಡಿದು ನೋಡು ಎಂದಿದ್ದಕ್ಕೆ ಕುಡಿದು, ಎರಡು ದಿನ ಹೊಟ್ಟೆನೋವಿನಿಂದ ಮಲಗಿದ್ದಳು. ಇದೆಲ್ಲ ನನಗೆ ಗೊತ್ತಿತ್ತು. ಪತ್ರದಲ್ಲಿ ಇದ್ದದ್ದು ಮಾತ್ರ ಆ ಹುಡುಗನ ಪರಿಶ್ರಮ, ಪ್ರಾಮಾಣಿಕತೆ, ಸೌಮ್ಯ ಸ್ವಭಾವ.

ಆದರೂ ಆಯ್ಕೆಯಾದಳು. ಟಿ. ನಗರದಲ್ಲಿ ಆರು ಅಂಗಡಿ ಹತ್ತಿಳಿದು ಸ್ವೆಟರ್ ತಂದೆವು ಎಂದು ಅವಳ ತಂದೆ ಫೋನು ಮಾಡಿ ಹೇಳಿದರು. ಈ ಊರಿನ ಬಿಸಿಲಲ್ಲಿ ಸ್ವೆಟರ್ ಎಂದರೆ ಅಂಗಡಿಯವರು ನಕ್ಕರಂತೆ.

ಆಮೇಲೆ ವಿಶ್ವವಿದ್ಯಾಲಯದಿಂದ ನನಗೆ ಇಮೇಲ್ ಬಂತು. ಎರಡು ವರ್ಷದ ಹಿಂದೆ ಇನ್ನೊಬ್ಬರಿಗಾಗಿ ನೀವು ನಮಗೇ ಕಳಿಸಿದ್ದ ಪತ್ರವೂ ಇದೂ ಅಕ್ಷರಕ್ಕೆ ಅಕ್ಷರ ಒಂದೇ ಆಗಿವೆ, ಇದನ್ನು ಬರೆದವರು ಯಾರು ಎಂದು ಕೇಳಿದ್ದರು. ಆ ವರ್ಷ ನಾನು ವಿಭಾಗದ ಮುಖ್ಯಸ್ಥೆಯಾಗುವ ಸರದಿ. ಟೈಪು ಮಾಡಿದೆ, ಅಳಿಸಿದೆ, ಮತ್ತೆ ಟೈಪು ಮಾಡಿದೆ. ಕೊನೆಗೆ ಕಳಿಸಿದ್ದು ಇಷ್ಟು: "ಪತ್ರವನ್ನು ಅರ್ಜಿದಾರಳೇ ಸಿದ್ಧಪಡಿಸಿದಳು. ನಾನು ನಂಬಿ ಸಹಿ ಹಾಕಿದೆ. ಹಳೆಯ ಪತ್ರ ಅವಳಿಗೆ ಹೇಗೆ ಸಿಕ್ಕಿತೋ ತಿಳಿಯದು." ಮೊದಲೆರಡು ಮಾತು ಸುಳ್ಳಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ವಾರದೊಳಗೆ ಸ್ಕಾಲರ್‌ಶಿಪ್ ರದ್ದಾಯಿತು. ಇನ್ನು ಮುಂದೆ ಅವಳು ಅಲ್ಲಿಗೆ ಅರ್ಜಿ ಹಾಕುವಂತೆಯೂ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಬರೆ ಎಳೆದವಳೂ ನಾನೇ.

ತಂದೆ ಮಗಳು ಇಬ್ಬರೂ ಬಂದರು. ಬೈಯಲು ಬಂದಿದ್ದಾರೆಂದು ನಾನು ಎದ್ದು ನಿಂತೆ. ತಂದೆಯ ಒಂದು ಕೈಯಲ್ಲಿ ಬಾಳೆಹಣ್ಣಿನ ಚೀಲ, ಇನ್ನೊಂದರಲ್ಲಿ ವಿಶ್ವವಿದ್ಯಾಲಯದವರು ಕಳಿಸಿದ ಕಾಗದದ ಪ್ರಿಂಟು. ನನ್ನ ಮೂರು ಮಾತುಗಳನ್ನು ಅದರಲ್ಲಿ ಹಾಗೆಯೇ ಹಾಕಿದ್ದರು.

"ತಪ್ಪಾಗೋಯ್ತು ಮೇಡಂ," ಎಂದರು ಅವರು. "ನೀವು ನಂಬಿ ಸೈನ್ ಆಕ್ಕೊಟ್ರಿ. ಇವಳು ಯಾರ್ದೋ ಲೆಟರ್ ಎತ್ಕೊಂಡು ಇಂಗ್ ಮಾಡವ್ಳೆ. ನಿಮ್ ಪೇರೂ ಕೆಡ್ತು. ಯಾಕಮ್ಮ ಅಂದ್ರೆ ಬಾಯೇ ಬಿಡ್ತಾ ಇಲ್ಲ."

ಅವಳು ತಂದೆಗೆ ಹೇಳಿಲ್ಲ ಎಂದು ಆಗ ಗೊತ್ತಾಯಿತು. ಹೇಳಿದರೂ ಮೇಡಂ ಮಾತಿನ ಮುಂದೆ ತನ್ನ ಮಾತು ನಿಲ್ಲುವುದಿಲ್ಲ ಎಂದುಕೊಂಡಳೋ ಏನೋ. ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಹೇಳಲಿ ಎಂದು ಕಾಯುತ್ತಿದ್ದಳು. ಇದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ.

"ಮೇಡಂ ಕಾಲಿಗೆ ಬೀಳು," ಎಂದರು ತಂದೆ.

ಅವಳು ಬಗ್ಗಿ ನನ್ನ ಪಾದ ಮುಟ್ಟಿ, "ತಪ್ಪಾಯ್ತು ಮ್ಯಾಮ್," ಎಂದಳು. ಮೂರು ವರ್ಷದಲ್ಲಿ ಅವಳು ನನ್ನೊಡನೆ ಆಡಿದ ಮೊದಲ ಕನ್ನಡದ ಮಾತು ಅದು.

ನಾನು ಅವಳ ತಲೆಯ ಮೇಲೆ ಕೈಯಿಟ್ಟು, "ಪರವಾಗಿಲ್ಲ ಬಿಡಿ, ಮಕ್ಕಳು," ಎಂದೆ.